ಪುರಭವನಕ್ಕೆ ಹೆಸರು ಕೊಟ್ಟ ರಂಗರಾಯರು

ಮಂಗಳೂರಿನ ಪುರಭವನಕ್ಕೆ ಹೋಗದ ಬ್ಯಾರಿ ಮನೆ ಕಡಿಮೆ. ಸಮಾವೇಶ, ಸನ್ಮಾನ, ಪುಸ್ತಕ ಬಿಡುಗಡೆ ಎಂದು ಏನಾದರೊಂದು ಇದ್ದೇ ಇರುತ್ತದೆ. ಆ ಭವನಕ್ಕೆ ಕುದ್ಮುಲ್ ರಂಗರಾವ್ ಪುರಭವನ ಎಂದು ಹೆಸರು. ಆದರೆ ಆ ರಂಗರಾವ್ ಯಾರು, ಎಂತ ಮಾಡಿದವರು ಎಂದು ಮಕ್ಕಳು ಕೇಳಿದರೆ ನಮ್ಮಲ್ಲಿ ಎಷ್ಟು ಜನರಿಗೆ ಹೇಳ್ಲಿಕ್ಕೆ ಗೊತ್ತುಂಟು? ಅದಕ್ಕೇ ಈ ವಾರ ಅವರ ವಿಷಯ.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ಕಡೆಯ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಎಳೆಯ ಪ್ರಾಯದಲ್ಲೇ ತಂದೆಯನ್ನು ಕಳೆದುಕೊಂಡು, ದುಡಿಮೆ ಹುಡುಕಿಕೊಂಡು ಮಂಗಳೂರಿಗೆ ಬಂದರು. ಮೊದಲು ಶಾಲಾ ಮೇಷ್ಟ್ರು. ಆಮೇಲೆ ಪರೀಕ್ಷೆ ಕಟ್ಟಿ ವಕೀಲರಾದರು, ಬಡವರ ವಕೀಲರೆಂದು ಹೆಸರು ಪಡೆದರು. ಮುಂದೆ ಬ್ರಹ್ಮಸಮಾಜ ಸೇರಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಹಾಯಾಗಿ ಸಂಸಾರ ಮಾಡಿಕೊಂಡು ಇರಬಹುದಿತ್ತು.

ಆಗಿನ ಕಾಲ ಹೇಗಿತ್ತೆಂದು ಸ್ವಲ್ಪ ಹೇಳಬೇಕು. ಇವತ್ತು ನಾವು ದಲಿತರು ಎನ್ನುವವರನ್ನು ಅಂದು ಪಂಚಮರು ಎನ್ನುತ್ತಿದ್ದರು. ಊರ ಬಾವಿಯ ನೀರು ಅವರಿಗಿಲ್ಲ, ಬೇರೆ ಮಕ್ಕಳ ಜೊತೆ ಶಾಲೆಯಲ್ಲಿ ಕೂರುವ ಹಾಗಿಲ್ಲ. ರಂಗರಾಯರು 1892ರಲ್ಲಿ ಉರ್ವದ ಚಿಲಿಂಬಿಯಲ್ಲಿ ಅವರ ಮಕ್ಕಳಿಗೆಂದೇ ಒಂದು ಶಾಲೆ ತೆರೆದರು. ಜನ ಸುಮ್ಮನೆ ಬಿಡುತ್ತಾರೆಯೇ? ವಿರೋಧ ಬಂತು. ಒಂದು ಕಡೆ ನಡೆಸಲಿಕ್ಕೆ ಆಗದಾಗ ಇನ್ನೊಂದು ಕಡೆ ತೆರೆದರು. ಮೇಲ್ಜಾತಿಯ ಮೇಷ್ಟ್ರುಗಳು ಕಲಿಸಲಿಕ್ಕೆ ಬರಲಿಲ್ಲ, ಕ್ರೈಸ್ತ ಶಿಕ್ಷಕರನ್ನು ಕರೆದುಕೊಂಡು ಬಂದರು.

ಶಾಲೆಯೇನೋ ಆಯಿತು, ಮಕ್ಕಳು ಬರಬೇಕಲ್ಲ. ಈ ಕಷ್ಟ ನಮ್ಮಂಥ ಉಸ್ತಾದರಿಗೆ ಚೆನ್ನಾಗಿ ಗೊತ್ತು. ಹೆಸರು ಬರೆಸುವುದು ಸುಲಭ. ದಿನಾ ಬೆಳಿಗ್ಗೆ ಮಗುವನ್ನು ಬೆಂಚಿನ ಮೇಲೆ ಕೂರಿಸುವುದು ಬೇರೆಯೇ ಕೆಲಸ. ಅಲ್ಲಂತೂ ಮಗು ದನ ಕಾದರೆ, ಧಣಿಯ ಮನೆಯಲ್ಲಿ ದುಡಿದರೆ ಮಾತ್ರ ಸಂಜೆಗೆ ಗಂಜಿ ಎನ್ನುವ ಸ್ಥಿತಿ. ಓದು ಒಳ್ಳೆಯದೆಂದು ತಂದೆ ತಾಯಿಗೆ ಭಾಷಣ ಮಾಡಿದರೆ ಹೊಟ್ಟೆ ತುಂಬುವುದಿಲ್ಲ. ರಂಗರಾಯರಿಗೆ ಇದು ಅರ್ಥವಾಗಿತ್ತು. ಮಗುವನ್ನು ಕಳಿಸಿದ ಮನೆಯವರ ಕೈಗೆ ಒಂದಿಷ್ಟು ಕಾಸು ಕೊಟ್ಟರು, ಶಾಲೆಯಲ್ಲಿ ಮಧ್ಯಾಹ್ನ ಊಟ ಹಾಕಿದರು. ಈಗ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಉಂಟಲ್ಲ, ಅದಕ್ಕಿಂತ ಎಷ್ಟೋ ಮೊದಲಿನ ಮಾತಿದು. ಅವರ ಎಲ್ಲ ಕೆಲಸಗಳಲ್ಲಿ ನಮಗೆ ದೊಡ್ಡದಾಗಿ ಕಾಣುವುದು ಇದೇ.

1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆ ಕಟ್ಟಿದರು. ಶೇಡಿಗುಡ್ಡೆಯಲ್ಲಿ ಮಗ್ಗ, ಮರಗೆಲಸ ಕಲಿಸುವ ವ್ಯವಸ್ಥೆಯಾಯಿತು. ಮನೆ ಕಟ್ಟಿಕೊಳ್ಳಲು ಜಾಗ ಕೊಡಿಸಿದರು, ಕುಡಿಯುವ ನೀರಿಗೆ ಬಾವಿ ತೋಡಿಸಿದರು. ಅಕ್ಷರ ಕಲಿತವನಿಗೆ ಕೂರಲು ಮನೆಯೂ ದುಡಿಯಲು ಕಸುಬೂ ಇಲ್ಲದಿದ್ದರೆ ಅವನು ಪುನಃ ಧಣಿಯ ಅಂಗಳಕ್ಕೇ ಹೋಗಿ ನಿಲ್ಲಬೇಕು ತಾನೇ?

ಇದಕ್ಕೆಲ್ಲ ಅವರು ತೆತ್ತ ಬೆಲೆ ಸಣ್ಣದಲ್ಲ. ಸ್ವಂತ ಸಮುದಾಯವೇ ಬಹಿಷ್ಕಾರ ಹಾಕಿತು. ಹೊರಗಿನವರು ಬೈದರೆ ಹೇಗೂ ತಡೆದುಕೊಳ್ಳಬಹುದು; ಮದುವೆ-ಮರಣಕ್ಕೆ ಸೇರಬೇಕಾದ ನಮ್ಮವರೇ ಮುಖ ತಿರುಗಿಸಿದರೆ ಮನೆಯ ಹೆಂಗಸರು, ಮಕ್ಕಳು ಕೂಡಾ ಅನುಭವಿಸಬೇಕಾಗುತ್ತದೆ. ಹಾಗಿದ್ದೂ ಅವರು ಹಿಂದೆ ಸರಿಯಲಿಲ್ಲ. ಮಗಳು ರಾಧಾಬಾಯಿಯನ್ನು ಮದರಾಸಿನ ಕಾಲೇಜಿನವರೆಗೆ ಓದಿಸಿದರು, ಬೇರೆ ಜಾತಿಯ ಪಿ. ಸುಬ್ಬರಾಯನ್ ಅವರಿಗೆ ಮದುವೆ ಮಾಡಿಕೊಟ್ಟರು. ಅಳಿಯ ಮುಂದೆ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಯಾದರು. 1930ರಲ್ಲಿ ಲಂಡನ್ನಿನ ದುಂಡುಮೇಜಿನ ಸಮ್ಮೇಳನಕ್ಕೆ ಭಾರತದಿಂದ ಹೋದ ಇಬ್ಬರು ಮಹಿಳೆಯರಲ್ಲಿ ಒಬ್ಬರು ಬೇಗಂ ಜಹಾನಾರಾ ಶಾನವಾಜ್, ಇನ್ನೊಬ್ಬರು ನಮ್ಮ ಮಂಗಳೂರಿನ ಈ ರಾಧಾಬಾಯಿ. ರಾಧಾಬಾಯಿಯ ಮಗ ಜನರಲ್ ಕುಮಾರಮಂಗಲಂ ದೇಶದ ಭೂಸೇನೆಯ ಮುಖ್ಯಸ್ಥರಾಗಿದ್ದವರು.

ಬ್ರಿಟಿಷ್ ಸರ್ಕಾರ ರಂಗರಾಯರಿಗೆ ರಾವ್ ಸಾಹೇಬ್ ಬಿರುದು ಕೊಟ್ಟಿತು. ಬಿರುದು ಬಂದದ್ದಕ್ಕೆ ಅವರ ನಡೆಯೇನೂ ಬದಲಾಗಲಿಲ್ಲ. ಕೊನೆಗಾಲದಲ್ಲಿ ಸನ್ಯಾಸ ತೆಗೆದುಕೊಂಡು ಈಶ್ವರಾನಂದ ಎಂಬ ಹೆಸರು ಇಟ್ಟುಕೊಂಡರು. 1928ರ ಜನವರಿ 30ರಂದು ತೀರಿಹೋದರು. ಆರು ವರ್ಷ ಕಳೆದು, 1934ರಲ್ಲಿ ಗಾಂಧೀಜಿ ಮಂಗಳೂರಿಗೆ ಬಂದಾಗ ರಂಗರಾಯರ ಕೆಲಸವನ್ನು ಕೊಂಡಾಡಿ ಹೋದರು.

ತಾನು ಸತ್ತರೆ ಹೆಣ ಹೊರುವವರು ಯಾರೆಂಬುದನ್ನೂ ರಂಗರಾಯರು ಮೊದಲೇ ತೀರ್ಮಾನಿಸಿ ಹೇಳಿಟ್ಟಿದ್ದರು. ಊರಿನವರು ಹತ್ತಿರ ಸೇರಿಸದ, ಮಲ ಹೊರುವ ಕೆಲಸದ ತೋಟಿಗಳೇ ಆ ದಿನ ಅವರಿಗೆ ಹೆಗಲು ಕೊಟ್ಟರು. ಸಮಾಧಿ ನಂದಿಗುಡ್ಡೆಯ ಬ್ರಹ್ಮಸಮಾಜದ ಜಾಗದಲ್ಲಿ ಉಂಟು. ತಾನು ಕಲಿಸಿದ ಮಕ್ಕಳಲ್ಲಿ ಒಬ್ಬ ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗುವಾಗ ಎದ್ದ ಧೂಳು ತನ್ನ ತಲೆಗೆ ತಾಗಬೇಕು ಎನ್ನುವ ಅವರ ಆಸೆಯನ್ನು ಅಲ್ಲಿ ಕಲ್ಲಿನಲ್ಲಿ ಬರೆಸಿದ್ದಾರೆ.