ಮಿಂಚನ್ನು ಗಾಜಿನ ಕೊಳವೆಗೆ ಇಳಿಸಿದ ಹೆರಾಲ್ಡ್ ಎಡ್ಜರ್ಟನ್

ಮಕ್ಕಳೇ, ಮಲೆಬೆನ್ನೂರಿನಲ್ಲೋ ಹರಿಹರದಲ್ಲೋ ಬಸ್ ಪಾಸಿಗೆಂದು ಫೋಟೊ ತೆಗೆಸಲು ಸ್ಟುಡಿಯೊಕ್ಕೆ ಹೋಗಿದ್ದೀರಾ? ಒಳಗೆ ನಡುವೆ ಒಂದು ಸ್ಟೂಲು. ಅದರ ಎರಡೂ ಬದಿಗೆ ಮೂರು ಕಾಲಿನ ಕಂಬಗಳ ಮೇಲೆ ಬಿಚ್ಚಿದ ಕೊಡೆಗಳು. ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಆದರೂ ಕೊಡೆ! ಅದರ ಒಳಮೈ ಬಿಳಿ ಅಥವಾ ಬೆಳ್ಳಿ ಬಣ್ಣದ್ದು. ಕೊಡೆಯ ಕೋಲಿನ ಬಳಿ ಒಂದು ಪುಟ್ಟ ದೀಪದ ಪೆಟ್ಟಿಗೆ. ವಿಚಿತ್ರವೆಂದರೆ ಅದು ನಿಮ್ಮ ಕಡೆ ನೋಡುತ್ತಿಲ್ಲ, ಕೊಡೆಯ ಒಳಗಡೆಗೆ ಮುಖ ಮಾಡಿ ಕುಳಿತಿದೆ. ಫೋಟೊಗ್ರಾಫರ್ ಗುಂಡಿ ಒತ್ತಿದೊಡನೆ ಫಳ್ ಎಂದು ಮಿಂಚುತ್ತದೆ. ನೀವು ರೆಪ್ಪೆ ಮುಚ್ಚುವಷ್ಟರಲ್ಲಿ ಫೋಟೊ ಮುಗಿದಿರುತ್ತದೆ.

ಈ ಮಿಂಚುದೀಪ ಮೊದಲಿಗೆ ಹುಟ್ಟಿದ್ದು ಯಾರ ಮುಖಕ್ಕಾಗಿಯೂ ಅಲ್ಲ. ಅದು ಹುಟ್ಟಿದ್ದು ತಿರುಗುವ ಒಂದು ಮೋಟಾರಿಗಾಗಿ. ಅದನ್ನು ಬಳಕೆಗೆ ತಂದವರು ಅಮೆರಿಕದ ವಿದ್ಯುತ್ ಎಂಜಿನಿಯರ್ ಹೆರಾಲ್ಡ್ ಎಡ್ಜರ್ಟನ್.

ಎಡ್ಜರ್ಟನ್ 1903ರ ಏಪ್ರಿಲ್ 6ರಂದು ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ಹುಟ್ಟಿದರು. ಬೆಳೆದದ್ದು ಅರೋರಾ ಎಂಬ ಚಿಕ್ಕ ಊರಿನಲ್ಲಿ. ಸುತ್ತಲೂ ಜೋಳ, ಗೋಧಿಯ ಹೊಲಗಳು. ಚಿಕ್ಕಂದಿನಲ್ಲೇ ಅವರ ಸಂಬಂಧಿಕರೊಬ್ಬರು ಫೋಟೊ ತೆಗೆಯುವುದನ್ನೂ ತೊಳೆಯುವುದನ್ನೂ ಕಲಿಸಿದರು. ರಜೆಯ ದಿನಗಳಲ್ಲಿ ಹುಡುಗ ಊರಿನ ವಿದ್ಯುತ್ ಕಂಪನಿಯಲ್ಲಿ ದುಡಿಯುತ್ತಿದ್ದ. ಹೀಗೆ ಕ್ಯಾಮೆರಾ ಮತ್ತು ಕರೆಂಟು ಎರಡೂ ಒಟ್ಟಿಗೇ ಕೈಗೆ ಬಂದವು. ಮುಂದಿನ ಕಥೆಯೆಲ್ಲ ಇವೆರಡರ ಸ್ನೇಹದ್ದೇ.

1925ರಲ್ಲಿ ನೆಬ್ರಾಸ್ಕ ವಿಶ್ವವಿದ್ಯಾಲಯದಿಂದ ಎಂಜಿನಿಯರಿಂಗ್ ಪದವಿ ಪಡೆದರು. ಒಂದು ವರ್ಷ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಕೆಲಸ ಮಾಡಿ, 1926ರಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ, ಅಂದರೆ ಎಂ.ಐ.ಟಿ.ಗೆ, ಹೆಚ್ಚಿನ ಓದಿಗೆ ಸೇರಿದರು. ಅಲ್ಲಿ ಅವರಿಗೆ ಒಂದು ತೊಡಕು ಎದುರಾಯಿತು. ದೊಡ್ಡ ಮೋಟಾರಿನ ಮೇಲೆ ಭಾರ ಏಕಾಏಕಿ ಬದಲಾದರೆ ಅದರ ತಿರುಗುವ ಭಾಗ ಹೇಗೆ ವರ್ತಿಸುತ್ತದೆ? ಇದನ್ನು ತಿಳಿಯಬೇಕು. ಆದರೆ ಮೋಟಾರು ತಿರುಗುವಾಗ ಕಣ್ಣಿಗೆ ಕಾಣುವುದು ಬರೀ ಮಸುಕು. ನಿಲ್ಲಿಸಿದರೆ ಚೆನ್ನಾಗಿ ಕಾಣುತ್ತದೆ, ಆದರೆ ನಿಂತ ಮೋಟಾರನ್ನು ನೋಡಿ ಏನು ಪ್ರಯೋಜನ?

ಪ್ರಯೋಗಾಲಯದಲ್ಲಿ ಪಾದರಸದ ಆವಿ ತುಂಬಿದ ಒಂದು ಉಪಕರಣ ಲಯಬದ್ಧವಾಗಿ ಮಿಣುಕುತ್ತಿತ್ತು. ಆ ಬೆಳಕಿನಲ್ಲಿ ನೋಡಿದಾಗ ತಿರುಗುತ್ತಿದ್ದ ಮೋಟಾರಿನ ಭಾಗ ನಿಂತೇ ಬಿಟ್ಟಂತೆ ಕಂಡಿತು!

ಇದು ಹೇಗೆ? ನಿಮ್ಮ ತರಗತಿಯ ಫ್ಯಾನು ಸೆಕೆಂಡಿಗೆ 5 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಅದರ ಒಂದು ರೆಕ್ಕೆಗೆ ಸುಣ್ಣದ ಗುರುತು ಹಾಕಿದೆ. ಕೋಣೆ ಪೂರ್ತಿ ಕತ್ತಲು. ಸೆಕೆಂಡಿಗೆ ಸರಿಯಾಗಿ 5 ಸಲ ದೀಪ ಮಿಂಚುತ್ತದೆ. ಪ್ರತಿ ಮಿಂಚಿನಲ್ಲೂ ಗುರುತು ಹಾಕಿದ ರೆಕ್ಕೆ ಒಂದು ಸುತ್ತು ಮುಗಿಸಿ ಅದೇ ಜಾಗಕ್ಕೆ ಬಂದಿರುತ್ತದೆ. ನಡುವೆ ಅದು ಎಲ್ಲಿ ಹೋಗಿತ್ತೆಂಬುದು ಕತ್ತಲಲ್ಲಿ ಕಾಣದು. ಆದ್ದರಿಂದ ಫ್ಯಾನು ನಿಂತಂತೆಯೇ ತೋರುತ್ತದೆ. ಇಂಥ ಮಿಂಚುಬೆಳಕಿನ ಉಪಕರಣಕ್ಕೆ ಸ್ಟ್ರೋಬೊಸ್ಕೋಪ್ ಎಂದು ಹೆಸರು. ಹೆಸರೂ ತತ್ತ್ವವೂ ಎಡ್ಜರ್ಟನ್‌ಗಿಂತ ಹಳೆಯವು. ವಿದ್ಯುತ್ ಕಿಡಿಯ ಬೆಳಕಿನಲ್ಲಿ ಫೋಟೊ ತೆಗೆಯಬಹುದೆಂದು ಇಂಗ್ಲೆಂಡಿನ ಟಾಲ್ಬಟ್ 1851ರಲ್ಲೇ ತೋರಿಸಿದ್ದರು. ಆದರೆ ಆ ಬೆಳಕು ಬಡಕಲು. ಕಣ್ಣು ಕುಕ್ಕುವಷ್ಟು ಪ್ರಖರವಾದ, ಬೇಕೆಂದಾಗ ಬೇಕಾದಷ್ಟು ಸಲ ಮಿಂಚುವ ದೀಪವನ್ನು ಕೊಟ್ಟದ್ದು ಎಡ್ಜರ್ಟನ್ ಮತ್ತು ಅವರ ಸಂಗಡಿಗರಾದ ಜರ್ಮೆಸ್‌ಹಾಸನ್ ಹಾಗೂ ಗ್ರೀಯರ್.

ದೀಪದ ಗುಟ್ಟು ಇಷ್ಟು. ಬೇಸಿಗೆಯಲ್ಲಿ ಸಣ್ಣ ಕಾಲುವೆಯ ನೀರನ್ನು ಹೊಂಡದಲ್ಲಿ ನಿಧಾನವಾಗಿ ತುಂಬಿಸಿಕೊಂಡು, ಆಮೇಲೆ ತೂಬನ್ನು ಒಮ್ಮೆಲೇ ಎತ್ತಿದರೆ ನೀರು ಹೇಗೆ ನುಗ್ಗುತ್ತದೆ? ಭದ್ರಾ ನಾಲೆಯ ಬಯಲಿನಲ್ಲಿ ಗದ್ದೆ ಮಾಡುವವರ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿದ್ಯುತ್ತಿಗೂ ಅಂಥ ಒಂದು ಹೊಂಡ ಉಂಟು. ಅದರ ಹೆಸರು ಧಾರಕ. ಅದು ಕೆಲವು ಸೆಕೆಂಡು ವಿದ್ಯುತ್ತನ್ನು ಕೂಡಿಟ್ಟುಕೊಂಡು, ಸಮಯ ಬಂದಾಗ ಒಂದೇ ಏಟಿಗೆ ಗಾಜಿನ ಕೊಳವೆಯೊಳಕ್ಕೆ ಸುರಿಯುತ್ತದೆ. ಕೊಳವೆಯಲ್ಲಿ ಕ್ಸೆನಾನ್ ಅನಿಲವಿರುತ್ತದೆ. ವಿದ್ಯುತ್ ಹರಿದೊಡನೆ ಅನಿಲ ಮೋಡದ ಮಿಂಚಿನಂತೆಯೇ ಬೆಳಗುತ್ತದೆ. ಸ್ಟುಡಿಯೊದ ಫ್ಲಾಶ್ ಬೆಳಗುವುದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು, ಕೆಲವೊಮ್ಮೆ ಇನ್ನೂ ಕಡಿಮೆ ಹೊತ್ತು. ನಿಮ್ಮ ರೆಪ್ಪೆ ಒಮ್ಮೆ ಮುಚ್ಚಿ ತೆರೆಯಲು ಸೆಕೆಂಡಿನ ಹತ್ತರಲ್ಲಿ ಒಂದು ಪಾಲಾದರೂ ಬೇಕು. (ಕೆಟ್ಟುಹೋದ ಫ್ಲಾಶ್ ಸಿಕ್ಕರೆ ಬಿಚ್ಚಲು ಹೋಗಬೇಡಿ. ಬ್ಯಾಟರಿ ತೆಗೆದ ಮೇಲೂ ಧಾರಕದಲ್ಲಿ ಸುಮಾರು 300 ವೋಲ್ಟ್ ಉಳಿದಿರಬಹುದು.)

ಇದಕ್ಕೆ ಮೊದಲು ಕತ್ತಲಲ್ಲಿ ಫೋಟೊ ತೆಗೆಯುವುದೆಂದರೆ ಅಪಾಯದ ಕೆಲಸ. 1887ರಲ್ಲಿ ಜರ್ಮನಿಯಲ್ಲಿ ಬಂದ ಮೆಗ್ನೀಸಿಯಮ್ ಪುಡಿಯ ಮಿಶ್ರಣವನ್ನು ತಟ್ಟೆಯಲ್ಲಿ ಸುರಿದು ಸುಡುತ್ತಿದ್ದರು. ಢಂ ಎಂದು ಉರಿದು ಕೋಣೆ ತುಂಬ ಹೊಗೆ. ಕೈ ಮುಖ ಸುಟ್ಟುಕೊಂಡ ಫೋಟೊಗ್ರಾಫರುಗಳು ಎಷ್ಟೋ ಮಂದಿ. 1930ರ ಹೊತ್ತಿಗೆ ಗಾಜಿನ ಫ್ಲಾಶ್ ಬಲ್ಬುಗಳು ಬಂದವು. ಅವು ವಾಸಿ, ಆದರೆ ಒಂದು ಫೋಟೊಗೆ ಒಂದು ಬಲ್ಬು ಖರ್ಚು.

ಮೋಟಾರಿನ ಅಧ್ಯಯನಕ್ಕೆ ಎಡ್ಜರ್ಟನ್‌ಗೆ 1931ರಲ್ಲಿ ಡಾಕ್ಟರೇಟ್ ಸಿಕ್ಕಿತು. ಅಲ್ಲಿಗೆ ಅವರು ನಿಲ್ಲಿಸಬಹುದಿತ್ತು. ಆದರೆ ಮಿಂಚುದೀಪವನ್ನು ಮೋಟಾರಿನಿಂದ ಈಚೆಗೆ ತಿರುಗಿಸಿ ಬೇರೆ ಬೇರೆ ವಸ್ತುಗಳ ಮೇಲೆ ಬಿಟ್ಟರು. ನಲ್ಲಿಯಿಂದ ಬೀಳುವ ನೀರು ಹರಳಿನ ಸರದಂತೆ ಗಾಳಿಯಲ್ಲಿ ನಿಂತಿತು. ಹಾಲಿನ ಒಂದು ಹನಿ ತಟ್ಟೆಗೆ ಬಿದ್ದಾಗ ಏಳುವ ಚಿಮ್ಮು ಪುಟ್ಟ ಕಿರೀಟದಂತಿರುತ್ತದೆ ಎಂದು ಜನ ಅವರ ಚಿತ್ರದಲ್ಲಿ ನೋಡಿದರು. ಆ ಕಿರೀಟ ಸರಿಯಾಗಿ ಬರಲೆಂದು ಅವರು ಅದೇ ಹಾಲಿನ ಹನಿಯನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ಮತ್ತೆ ಮತ್ತೆ ಬೀಳಿಸಿದರು. ಹೆಸರಾದ ಬಣ್ಣದ ಚಿತ್ರ ಬಂದದ್ದು 1957ರಲ್ಲಿ. 1964ರಲ್ಲಿ ಸೇಬನ್ನು ಸೀಳಿಕೊಂಡು ಹೊರಬರುತ್ತಿರುವ ಬಂದೂಕಿನ ಗುಂಡನ್ನೂ ಹಿಡಿದರು. ಗುಂಡಿನ ಸದ್ದೇ ಮೈಕಿನ ಮೂಲಕ ದೀಪವನ್ನು ಹೊತ್ತಿಸುವಂತೆ ಏರ್ಪಾಡು ಮಾಡಿದ್ದರು!

ಹಾಗಾದರೆ ಮುಖಗಳ ಕಡೆಗೆ ಈ ದೀಪ ಬಂದದ್ದು ಯಾವಾಗ? 1930ರ ದಶಕದ ಕೊನೆಯಲ್ಲಿ ಜಾನ್ ಮಿಲಿ ಎಂಬ ಎಂಜಿನಿಯರ್ ಎಡ್ಜರ್ಟನ್‌ರ ಜೊತೆಗೂಡಿದರು. ಮಿಲಿ ಅಲ್ಬೇನಿಯಾದಲ್ಲಿ ಹುಟ್ಟಿ ಎಂ.ಐ.ಟಿ.ಯಲ್ಲಿ ಓದಿದವರು. ಬೆಳಕಿನ ವಿಷಯದಲ್ಲೇ ಪಳಗಿದವರು. ಅವರು ಮಿಂಚುದೀಪಗಳನ್ನು ಕ್ಯಾಮೆರಾದಿಂದ ಬಿಡಿಸಿ, ಪಕ್ಕಕ್ಕೆ, ಹಿಂದಕ್ಕೆ, ಮೇಲಕ್ಕೆ ಇಟ್ಟು ನರ್ತಕರನ್ನೂ ಸಂಗೀತಗಾರರನ್ನೂ ಚಿತ್ರಿಸಿದರು. ‘ಲೈಫ್’ ಪತ್ರಿಕೆಯಲ್ಲಿ ಅವು ಹೆಸರಾದವು.

ದೀಪವನ್ನು ಕ್ಯಾಮೆರಾದಿಂದ ದೂರ ಇಡುವುದೇಕೆ? ಕ್ಯಾಮೆರಾದ ತಲೆಯ ಮೇಲಿನ ಫ್ಲಾಶ್ ಮುಖಕ್ಕೆ ನೇರವಾಗಿ ಹೊಡೆಯುತ್ತದೆ. ಆಗ ಮೂಗು, ಕೆನ್ನೆ, ಗದ್ದ ಎಲ್ಲ ಒಂದೇ ಮಟ್ಟವಾಗಿ ಮುಖ ರೊಟ್ಟಿಯಂತೆ ಚಪ್ಪಟೆ. ಕಣ್ಣಿನ ಒಳಗಿನ ಪರದೆಯ ರಕ್ತನಾಳಗಳಿಂದ ಬೆಳಕು ನೇರವಾಗಿ ಮರಳಿ ಬಂದು ಕಣ್ಣು ಕೆಂಪಾಗಿಯೂ ಕಾಣುತ್ತದೆ. ದೀಪವನ್ನು ಪಕ್ಕಕ್ಕೆ ಸರಿಸಿದರೆ ಒಂದು ಕಡೆ ಬೆಳಕು, ಇನ್ನೊಂದು ಕಡೆ ನೆರಳು ಬಿದ್ದು ಮುಖದ ಉಬ್ಬುತಗ್ಗು ಎದ್ದು ಕಾಣುತ್ತದೆ.

ಆದರೆ ಹೊಸ ತೊಂದರೆ ಬಂತು. ಫ್ಲಾಶಿನ ಕಿಟಕಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೆ. ಸಣ್ಣ ಆಕರದಿಂದ ಬಂದ ಬೆಳಕು ಚಾಕುವಿನಿಂದ ಕತ್ತರಿಸಿದಂಥ ಗಡಸು ನೆರಳು ಕೊಡುತ್ತದೆ. ಕೊಡೆಯ ಕೆಲಸ ಇಲ್ಲಿದೆ. ಬೆಳಕು ಮೊದಲು ಕೊಡೆಯ ಒಳಮೈಗೆ ಬಿದ್ದು, ಚದುರಿ, ಅಲ್ಲಿಂದ ಮುಖಕ್ಕೆ ಬರುತ್ತದೆ. ಈಗ ಮುಖಕ್ಕೆ ಬೆಳಕು ಕೊಡುತ್ತಿರುವುದು ಪುಟ್ಟ ಕಿಟಕಿಯಲ್ಲ, ಸುಮಾರು ಒಂದು ಮೀಟರ್ ಅಗಲದ ಕೊಡೆ. ಅದರ ಒಂದು ಅಂಚಿನ ಬೆಳಕನ್ನು ಮೂಗು ತಡೆದರೆ ಇನ್ನೊಂದು ಅಂಚಿನ ಬೆಳಕು ಆ ಜಾಗವನ್ನು ತಲುಪುತ್ತದೆ. ನೆರಳಿನ ಅಂಚು ಮೆತ್ತಗಾಗುತ್ತದೆ. ನೆತ್ತಿಯ ಬಿಸಿಲಿಗೂ ಮೋಡ ಕವಿದ ದಿನದ ಬೆಳಕಿಗೂ ಇರುವ ವ್ಯತ್ಯಾಸವೇ ಇದು. ಆದರೆ ಕೊಡೆಯನ್ನು ದೂರ ಒಯ್ದರೆ ಅದೂ ಚಿಕ್ಕದಾಗಿ ಕಂಡು ನೆರಳು ಮತ್ತೆ ಗಡಸಾಗುತ್ತದೆ. ಬೆಳಕೂ ಕುಗ್ಗುತ್ತದೆ. ಬರಿಯ ಫ್ಲಾಶನ್ನು 1 ಮೀಟರಿನಿಂದ 2 ಮೀಟರಿಗೆ ಸರಿಸಿದರೆ ಮುಖಕ್ಕೆ ಬೀಳುವ ಬೆಳಕು ಅರ್ಧವಲ್ಲ, ಕಾಲುಭಾಗ. ಕೊಡೆಯ ಬೆಳಕೂ ಹೆಚ್ಚುಕಡಿಮೆ ಹೀಗೆಯೇ. ಎರಡು ಕೊಡೆಗಳಲ್ಲಿ ಒಂದನ್ನು ಸ್ಟೂಲಿನ ಹತ್ತಿರ, ಇನ್ನೊಂದನ್ನು ದೂರ ಇಡುವ ಲೆಕ್ಕ ಇದೇ.

ಇದನ್ನು ನೀವೇ ನೋಡಬಹುದು. ಸಂಜೆ ಗೆಳೆಯನನ್ನು ಗೋಡೆಯ ಪಕ್ಕ ಕೂರಿಸಿ, ಒಂದು ಬದಿಯಿಂದ ಅವನ ಮೂಗಿನ ಮೇಲೆ ಟಾರ್ಚ್ ಬಿಡಿ. ಕಣ್ಣು ಮುಚ್ಚಿಕೊಳ್ಳಲು ಹೇಳಿ. ಆಮೇಲೆ ಟಾರ್ಚನ್ನು ಆಚೆಗೆ ತಿರುಗಿಸಿ, ಡ್ರಾಯಿಂಗ್ ಹಾಳೆಯ ಮೇಲೆ ಬಿದ್ದ ಬೆಳಕು ಮುಖಕ್ಕೆ ಬರುವಂತೆ ಮಾಡಿ. ಮೂಗಿನ ನೆರಳನ್ನು ಎರಡೂ ಸಲ ಗಮನಿಸಿ.

ಬೆಳಕನ್ನು ಹೀಗೆ ತಿರುಗಿಸಿ ತರುವುದರಲ್ಲಿ ನಮ್ಮ ಮೈಸೂರಿನವರೊಬ್ಬರು ದೇಶಕ್ಕೇ ಹೆಸರಾಗಿದ್ದರು. ಅವರು ಛಾಯಾಗ್ರಾಹಕ ವಿ.ಕೆ. ಮೂರ್ತಿ. 1959ರ ‘ಕಾಗಜ್ ಕೇ ಫೂಲ್’ ಹಿಂದಿ ಚಿತ್ರಕ್ಕಾಗಿ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಸ್ಟುಡಿಯೊದ ಒಳಕ್ಕೆ ತಂದರು. ಕನ್ನಡಿ ಬೆಳಕನ್ನು ಚದುರಿಸದೆ ಕೋಲಿನಂತೆ ನೇರ ಕಳಿಸುತ್ತದೆ, ಕೊಡೆ ಚದುರಿಸುತ್ತದೆ.

ಎಡ್ಜರ್ಟನ್‌ರ ದೀಪ ಸ್ಟುಡಿಯೊದಲ್ಲಿ ಮಾತ್ರ ಉಳಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ವಿಮಾನದಿಂದ ರಾತ್ರಿ ನೆಲದ ಚಿತ್ರ ತೆಗೆಯಲು ಅವರು ಭಾರಿ ಫ್ಲಾಶುಗಳನ್ನು ಮಾಡಿಕೊಟ್ಟರು. 1944ರ ಜೂನಿನಲ್ಲಿ ನಾರ್ಮಂಡಿಯ ತೀರಕ್ಕೆ ಸೈನ್ಯ ಇಳಿಯುವ ಮುನ್ನ ಅವು ಬಳಕೆಯಾದವು. ಯುದ್ಧದ ಬಳಿಕ, 1947ರಲ್ಲಿ ಮೂವರು ಸಂಗಡಿಗರು ಕಟ್ಟಿದ ಕಂಪನಿ ಅಣುಬಾಂಬ್ ಪರೀಕ್ಷೆಗಳಲ್ಲೂ ಕೆಲಸ ಮಾಡಿತು. ಬಾಂಬು ಸಿಡಿದ ಮರುಕ್ಷಣದ ಬೆಂಕಿಯುಂಡೆಯನ್ನು ಹಿಡಿಯುವ ಕ್ಯಾಮೆರಾ ಕೂಡ ಎಡ್ಜರ್ಟನ್‌ರದೇ. ಹಾಲಿನ ಹನಿಯ ಚಿತ್ರವನ್ನು ಮೆಚ್ಚುವವರು ಇದನ್ನೂ ಮರೆಯುವಂತಿಲ್ಲ. ಆ ಚಿತ್ರಗಳನ್ನು ನೋಡಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

1953ರಿಂದ ಅವರು ಫ್ರಾನ್ಸಿನ ಸಾಗರಾನ್ವೇಷಕ ಕೂಸ್ತೊ ಅವರ ಹಡಗಿನಲ್ಲಿ ಹೋಗಿ, ಸೂರ್ಯನ ಬೆಳಕು ತಲುಪದ ಆಳಕ್ಕೆ ಫ್ಲಾಶ್ ಮತ್ತು ಕ್ಯಾಮೆರಾ ಇಳಿಸಿದರು. ಹಡಗಿನವರು ಅವರನ್ನು ಪ್ರೀತಿಯಿಂದ ಪಾಪಾ ಫ್ಲಾಶ್ ಎಂದು ಕರೆದರು. ಎಂ.ಐ.ಟಿ.ಯಲ್ಲಿ ನೋಡಲು ಬಂದವರಿಗೆಲ್ಲ ತಮ್ಮ ಚಿತ್ರಗಳ ಅಂಚೆಕಾರ್ಡುಗಳನ್ನು ಹಂಚುವುದು ಅವರ ರೂಢಿ. ತಾನು ಕಲಾವಿದನಲ್ಲ, ಎಂಜಿನಿಯರ್ ಎಂದೇ ಅವರು ಭಾವಿಸಿದ್ದರು.

1990ರ ಜನವರಿ 4ರಂದು, 86ನೆಯ ವಯಸ್ಸಿನಲ್ಲಿ, ಅದೇ ಎಂ.ಐ.ಟಿ.ಯ ಆವರಣದಲ್ಲಿ ಎಡ್ಜರ್ಟನ್ ತೀರಿಕೊಂಡರು. ಅವರ ಪ್ರಯೋಗಾಲಯದ ಓಣಿಯನ್ನು ಅಲ್ಲಿ ಸ್ಟ್ರೋಬ್ ಓಣಿ ಎಂದೇ ಕರೆಯುತ್ತಾರೆ. ಮಿಣುಕುವ ದೀಪದ ಕೆಳಗೆ ನೀರಿನ ಹನಿಗಳು ಬೀಳುವಂತೆ ಅವರು ಒಂದು ಉಪಕರಣ ಮಾಡಿದ್ದರು. ದೀಪದ ವೇಗವನ್ನು ತುಸು ಬದಲಿಸಿದರೆ ಹನಿಗಳು ಗಾಳಿಯಲ್ಲಿ ನಿಲ್ಲುತ್ತವೆ. ಇನ್ನೂ ತುಸು ಬದಲಿಸಿದರೆ ಮೇಲಕ್ಕೆ ಹತ್ತುತ್ತಿರುವಂತೆ ಕಾಣುತ್ತವೆ.