ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ಮೈಸೂರು ಸಂಸ್ಥಾನದ ಶಾಸನ ಸಭೆಗಳು

ಮೈಸೂರು ಸಂಸ್ಥಾನದ 24ನೆಯ ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರು 1902ರಿಂದ 1940ರವರೆಗೆ ರಾಜ್ಯಭಾರ ನಡೆಸಿದರು. ಕನ್ನಂಬಾಡಿ ಅಣೆಕಟ್ಟು, ಮೈಸೂರು ಬ್ಯಾಂಕ್, ಮೈಸೂರು ವಿಶ್ವವಿದ್ಯಾನಿಲಯ ಮುಂತಾದವುಗಳೊಡನೆ ಅವರ ಹೆಸರು ಜನಜನಿತವಾಗಿದೆ. ಕಾನೂನು ರಚನೆಯ ಕಾರ್ಯದಲ್ಲಿ ಪ್ರಜೆಗಳಿಗೆ ಹಂತಹಂತವಾಗಿ ಸ್ಥಾನ ಕಲ್ಪಿಸಿದ ಅವರ ಕ್ರಮಗಳೂ ಅಷ್ಟೇ ಮಹತ್ವದವು. ಅರಸರ ಅಧಿಕಾರವು ಶಾಸನದ ಚೌಕಟ್ಟಿಗೆ ಎಷ್ಟರಮಟ್ಟಿಗೆ ಒಳಪಟ್ಟಿತು ಮತ್ತು ಎಲ್ಲಿಗೆ ನಿಂತಿತು ಎಂಬುದನ್ನು ಅವರ ಜೀವನಚರಿತ್ರೆಯಿಂದ ತಿಳಿಯಬಹುದಾಗಿದೆ.

ಜನನ ಮತ್ತು ಪಟ್ಟಾಭಿಷೇಕ

ಕೃಷ್ಣರಾಜ ಒಡೆಯರು 1884ರ ಜೂನ್ 4ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಹತ್ತನೆಯ ಚಾಮರಾಜ ಒಡೆಯರು 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೆ ತುತ್ತಾದಾಗ ಅವರಿಗೆ ಹತ್ತು ವರ್ಷ ವಯಸ್ಸು. 1895ರಲ್ಲಿ ಪಟ್ಟಾಭಿಷೇಕ ನೆರವೇರಿತಾದರೂ ತಾಯಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿ ಆಡಳಿತವನ್ನು ನಿರ್ವಹಿಸಿದರು. 1902ರ ಆಗಸ್ಟ್ 8ರಂದು ವೈಸರಾಯ್ ಲಾರ್ಡ್ ಕರ್ಜನ್ ಅವರ ಸಮ್ಮುಖದಲ್ಲಿ ಯುವ ಮಹಾರಾಜರು ಪೂರ್ಣಾಧಿಕಾರವನ್ನು ವಹಿಸಿಕೊಂಡರು.

ಅಂದಿನ ಅಧಿಕಾರ ವ್ಯವಸ್ಥೆ

ಬ್ರಿಟಿಷರು 1831ರಲ್ಲಿ ವಹಿಸಿಕೊಂಡಿದ್ದ ಸಂಸ್ಥಾನದ ಆಡಳಿತವನ್ನು 1881ರಲ್ಲಿ ಅರಸುಮನೆತನಕ್ಕೆ ಹಿಂದಿರುಗಿಸಿದ್ದರು. ಆಗಿನ ಅಧಿಕಾರ ಹಸ್ತಾಂತರ ಪತ್ರದಲ್ಲಿ ಅನೇಕ ನಿರ್ಬಂಧಗಳನ್ನು ವಿಧಿಸಲಾಗಿತ್ತು. ಜಾರಿಯಲ್ಲಿದ್ದ ಕಾನೂನುಗಳನ್ನು ಗವರ್ನರ್ ಜನರಲ್ ಅವರ ಒಪ್ಪಿಗೆಯಿಲ್ಲದೆ ಬದಲಿಸಲು ಮಹಾರಾಜರಿಗೆ ಅವಕಾಶವಿರಲಿಲ್ಲ. 1913ರಲ್ಲಿ ಈ ಪತ್ರದ ಸ್ಥಾನದಲ್ಲಿ ಹೊಸ ಒಪ್ಪಂದ ಏರ್ಪಟ್ಟಿತಾದರೂ ಬ್ರಿಟಿಷ್ ಸರ್ಕಾರದ ಪರಮಾಧಿಕಾರ ಮುಂದುವರಿಯಿತು. ಹೀಗೆ ಅರಸರ ಮೇಲೆ ಒಂದು ಕಡೆ ಹೊರಗಿನ ಪ್ರಭುತ್ವದ ಅಂಕೆಯಿತ್ತು. ಇನ್ನೊಂದು ಕಡೆ ಪ್ರಜೆಗಳ ಅಹವಾಲುಗಳಿದ್ದವು.

ಅಹವಾಲುಗಳನ್ನು ಆಲಿಸಲು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಸ್ಥಾಪನೆಯಾಗಿತ್ತು. 144 ಸದಸ್ಯರೊಂದಿಗೆ ಆರಂಭವಾದ ಈ ಸಭೆಯು ದಸರಾ ಸಂದರ್ಭದಲ್ಲಿ ಮೈಸೂರಿನಲ್ಲಿ ಸೇರುತ್ತಿತ್ತು. ದಿವಾನರು ವರ್ಷದ ಆಡಳಿತದ ವರದಿಯನ್ನು ಓದುತ್ತಿದ್ದರು. ಸದಸ್ಯರು ತಮ್ಮ ತಮ್ಮ ತಾಲ್ಲೂಕುಗಳ ಕುಂದುಕೊರತೆಗಳನ್ನು ಮಂಡಿಸುತ್ತಿದ್ದರು. ಆದರೆ ಸಭೆಗೆ ಕಾನೂನು ಮಾಡುವ ಅಧಿಕಾರವಾಗಲೀ ಸರ್ಕಾರವನ್ನು ಬದ್ಧಗೊಳಿಸುವ ಅಧಿಕಾರವಾಗಲೀ ಇರಲಿಲ್ಲ.

1907ರ ನ್ಯಾಯವಿಧಾಯಕ ಸಭೆ

ಈ ಕೊರತೆಯನ್ನು ನೀಗಿಸುವ ಮೊದಲ ಹೆಜ್ಜೆಯಾಗಿ 1907ರಲ್ಲಿ ನ್ಯಾಯವಿಧಾಯಕ ಸಭೆಯನ್ನು ಸ್ಥಾಪಿಸಲಾಯಿತು. ದಿವಾನರು ಇದರ ಅಧ್ಯಕ್ಷರು. ಕಾನೂನಿನ ಕರಡನ್ನು ಅಧಿಕಾರಿಗಳಷ್ಟೇ ಪರಿಶೀಲಿಸುತ್ತಿದ್ದ ಪದ್ಧತಿ ಕೊನೆಗೊಂಡು, ಅಧಿಕಾರೇತರ ಸದಸ್ಯರೂ ಚರ್ಚೆಯಲ್ಲಿ ಪಾಲ್ಗೊಳ್ಳುವಂತಾಯಿತು. ಆರಂಭದಲ್ಲಿ ಚಿಕ್ಕದಾಗಿದ್ದ ಸಭೆಯ ಸದಸ್ಯಬಲವನ್ನು ಕಾಲಕಾಲಕ್ಕೆ ಹೆಚ್ಚಿಸಲಾಯಿತು. ಪ್ರಶ್ನೆ ಕೇಳುವ ಮತ್ತು ಆಯವ್ಯಯವನ್ನು ಚರ್ಚಿಸುವ ಹಕ್ಕುಗಳೂ ಕ್ರಮೇಣ ದೊರೆತವು.

ಪ್ರಾತಿನಿಧ್ಯದ ಪ್ರಶ್ನೆ

ಸರ್ಕಾರಿ ಹುದ್ದೆಗಳು ಒಂದೇ ವರ್ಗದವರ ಪಾಲಾಗುತ್ತಿವೆ ಎಂಬ ದೂರು ಈ ಅವಧಿಯಲ್ಲಿ ಪ್ರಬಲವಾಯಿತು. ಇದನ್ನು ಪರಿಶೀಲಿಸಲು ಮಹಾರಾಜರ ಸರ್ಕಾರವು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ನೇಮಕಾತಿಗೆ ಅರ್ಹತೆಯೊಂದೇ ಮಾನದಂಡವಾಗಿರಬೇಕೆಂಬ ಅಭಿಪ್ರಾಯ ಹೊಂದಿದ್ದ ದಿವಾನ್ ಎಂ. ವಿಶ್ವೇಶ್ವರಯ್ಯನವರು ಅದೇ ವರ್ಷ ಅಧಿಕಾರದಿಂದ ನಿವೃತ್ತರಾದರು. ಸಮರ್ಥ ದಿವಾನರನ್ನು ಕಳೆದುಕೊಳ್ಳಬೇಕಾಗಿ ಬಂದರೂ ಮಹಾರಾಜರು ತಮ್ಮ ನಿಲುವನ್ನು ಬಿಡಲಿಲ್ಲ. ಹಿಂದುಳಿದ ವರ್ಗಗಳಿಗೆ ಹುದ್ದೆಗಳಲ್ಲಿ ಆದ್ಯತೆ ನೀಡುವ ಆದೇಶವು 1921ರಲ್ಲಿ ಹೊರಬಿತ್ತು. ಸಾಮಾಜಿಕ ನ್ಯಾಯದ ದೃಷ್ಟಿಯಿಂದ ದೇಶದಲ್ಲಿ ಕೈಗೊಂಡ ಮೊದಮೊದಲ ಕ್ರಮಗಳಲ್ಲಿ ಇದೂ ಒಂದು.

1923ರ ಸುಧಾರಣೆಗಳು

ತತ್ತ್ವಜ್ಞಾನಿಗಳೂ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳೂ ಆಗಿದ್ದ ಬ್ರಜೇಂದ್ರನಾಥ ಸೀಲ್ ಅವರ ಸಮಿತಿಯ ವರದಿಯನ್ನು ಆಧರಿಸಿ 1923ರಲ್ಲಿ ಎರಡು ಶಾಸನಗಳನ್ನು ಜಾರಿಗೊಳಿಸಲಾಯಿತು. ಅವುಗಳ ಮುಖ್ಯಾಂಶಗಳು ಹೀಗಿವೆ:

1. ಅದುವರೆಗೆ ಸರ್ಕಾರಿ ಆದೇಶದ ಬಲದಿಂದ ನಡೆಯುತ್ತಿದ್ದ ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧ ಸ್ಥಾನ ದೊರೆಯಿತು.

2. ಹೊಸ ತೆರಿಗೆ ವಿಧಿಸುವ ಮುನ್ನ ಹಾಗೂ ಮಸೂದೆಗಳನ್ನು ನ್ಯಾಯವಿಧಾಯಕ ಸಭೆಯಲ್ಲಿ ಮಂಡಿಸುವ ಮುನ್ನ, ತುರ್ತು ಸಂದರ್ಭಗಳ ಹೊರತಾಗಿ, ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯ ಪಡೆಯಬೇಕಾಯಿತು.

3. ನ್ಯಾಯವಿಧಾಯಕ ಸಭೆಯ ಸದಸ್ಯಬಲ 50ಕ್ಕೆ ಏರಿತು. ಆಯವ್ಯಯದ ಬೇಡಿಕೆಗಳ ಮೇಲೆ ಮತ ನೀಡುವ ಅಧಿಕಾರವೂ ಅದಕ್ಕೆ ಲಭಿಸಿತು.

4. ಮತದಾನದ ಹಕ್ಕನ್ನು ವಿಸ್ತರಿಸಲಾಯಿತು.

ಇಷ್ಟಾದರೂ ಅಂತಿಮ ಅಧಿಕಾರ ಅರಸರಲ್ಲಿಯೇ ಉಳಿಯಿತು. ಸಭೆ ಅಂಗೀಕರಿಸಿದ ಮಸೂದೆ ಕಾನೂನಾಗಲು ಮಹಾರಾಜರ ಅನುಮತಿ ಅಗತ್ಯವಾಗಿತ್ತು. ರಾಜಮನೆತನ, ಸೈನ್ಯ ಮತ್ತು ಬ್ರಿಟಿಷ್ ಸರ್ಕಾರದೊಡನೆ ಇದ್ದ ಸಂಬಂಧಗಳು ಸಭೆಯ ವ್ಯಾಪ್ತಿಗೆ ಹೊರತಾಗಿದ್ದವು. ಎಲ್ಲಕ್ಕೂ ಮಿಗಿಲಾಗಿ, ದಿವಾನರು ಉತ್ತರದಾಯಿಯಾಗಿದ್ದುದು ಮಹಾರಾಜರಿಗೇ ಹೊರತು ಸಭೆಗಲ್ಲ. ಸಭೆಯ ವಿಶ್ವಾಸ ಕಳೆದುಕೊಂಡ ಮಾತ್ರಕ್ಕೆ ದಿವಾನರು ಅಧಿಕಾರ ಬಿಡಬೇಕಾಗಿರಲಿಲ್ಲ.

ಜವಾಬ್ದಾರಿ ಸರ್ಕಾರದ ಬೇಡಿಕೆ

ಜನರಿಗೆ ಉತ್ತರದಾಯಿಯಾದ ಸರ್ಕಾರ ಬೇಕೆಂಬ ಚಳವಳಿ 1930ರ ದಶಕದಲ್ಲಿ ತೀವ್ರಗೊಂಡಿತು. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರ ಗೋಲಿಬಾರಿಗೆ ಅನೇಕರು ಬಲಿಯಾದರು. ಬಳಿಕ ರಾಜ್ಯಾಂಗ ಸುಧಾರಣೆಗೆ ಸಮಿತಿಯನ್ನು ನೇಮಿಸಲಾಯಿತಾದರೂ, ಪೂರ್ಣ ಜವಾಬ್ದಾರಿ ಸರ್ಕಾರದ ಬೇಡಿಕೆ ಮಹಾರಾಜರ ಜೀವಿತಕಾಲದಲ್ಲಿ ಈಡೇರಲಿಲ್ಲ. ಪ್ರಜಾಹಿತಕ್ಕಾಗಿ ದುಡಿದು ರಾಜರ್ಷಿ ಎನಿಸಿಕೊಂಡ ಅರಸರ ಆಳ್ವಿಕೆಯಲ್ಲಿಯೂ, ಪ್ರಜೆಗಳು ಬಯಸಿದ್ದು ಹಿತವನ್ನಷ್ಟೇ ಅಲ್ಲ, ಹಕ್ಕನ್ನೂ ಎಂಬುದನ್ನು ಈ ಘಟನೆಗಳು ತೋರಿಸಿದವು.

1940ರ ಆಗಸ್ಟ್ 3ರಂದು ಬೆಂಗಳೂರಿನ ಅರಮನೆಯಲ್ಲಿ ನಾಲ್ವಡಿಯವರು ನಿಧನ ಹೊಂದಿದರು. ಅವರಿಗೆ ಮಕ್ಕಳಿರಲಿಲ್ಲವಾದ್ದರಿಂದ ಸೋದರನ ಪುತ್ರ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. ಸ್ವಾತಂತ್ರ್ಯಾನಂತರ ನಡೆದ ಮೈಸೂರು ಚಲೋ ಚಳವಳಿಯ ಫಲವಾಗಿ 1947ರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಅವರ ನೇತೃತ್ವದ ಜನಪ್ರತಿನಿಧಿ ಸರ್ಕಾರ ಅಸ್ತಿತ್ವಕ್ಕೆ ಬಂದಿತು.

ಇಂದಿನ ಪ್ರಸ್ತುತತೆ

ಇಂದಿನ ಕರ್ನಾಟಕ ವಿಧಾನ ಪರಿಷತ್ತು 1907ರ ನ್ಯಾಯವಿಧಾಯಕ ಸಭೆಯನ್ನು ತನ್ನ ಮೂಲವೆಂದು ಪರಿಗಣಿಸುತ್ತದೆ. ಅಂದು ದಸರಾ ಅಧಿವೇಶನದಲ್ಲಿ ಪ್ರಜೆಗಳ ಅಹವಾಲು ಆಲಿಸುವುದು ಪ್ರಭುವಿನ ಅನುಗ್ರಹವಾಗಿತ್ತು. ಇಂದು ಸರ್ಕಾರಿ ಕಚೇರಿಗೆ ಅರ್ಜಿ ಸಲ್ಲಿಸುವ ನಾಗರಿಕರು ಪಡೆಯುವ ಸೇವೆಗೆ ಚುನಾಯಿತ ಸದನಗಳು ರೂಪಿಸಿದ ಕಾನೂನುಗಳ ಆಧಾರವಿದೆ, ಮತ್ತು ಸರ್ಕಾರವು ವಿಧಾನಸಭೆಗೆ ಉತ್ತರದಾಯಿಯಾಗಿದೆ. ಅನುಗ್ರಹವು ಹಕ್ಕಾಗಿ ಮಾರ್ಪಟ್ಟ ಈ ದೀರ್ಘ ದಾರಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ ಒಂದು ಪ್ರಮುಖ ಘಟ್ಟವಾಗಿದೆ.