ಮತದಾರನ ಹೆಸರಿಗೆ ಮಾನ ತಂದ ಸುಕುಮಾರ ಸೇನ್

ಚುನಾವಣೆಯ ದಿನ ಮತಗಟ್ಟೆಯ ಅಧಿಕಾರಿ ಪಟ್ಟಿಯಲ್ಲಿ ನಮ್ಮ ಹೆಸರನ್ನು ಹುಡುಕುತ್ತಾರೆ, ಗುರುತು ಹಾಕುತ್ತಾರೆ, ಬೆರಳಿಗೆ ಶಾಯಿ ಹಚ್ಚುತ್ತಾರೆ. ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುವ ಈ ಕ್ರಮ ನಮಗೆ ಈಗ ಅತಿ ಪರಿಚಿತ. ಸ್ವತಂತ್ರ ಭಾರತದಲ್ಲಿ ಇದಕ್ಕೆ ಮೊದಲ ರೂಪ ಕೊಟ್ಟವರು ಸುಕುಮಾರ ಸೇನ್. 1950ರ ಮಾರ್ಚ್ 21ರಂದು ದೇಶದ ಪ್ರಥಮ ಮುಖ್ಯ ಚುನಾವಣಾ ಆಯುಕ್ತರಾಗಿ ಅಧಿಕಾರ ವಹಿಸಿಕೊಂಡ ಈ ಮಹನೀಯರು ಆತ್ಮಕಥೆಯನ್ನು ಬರೆಯಲಿಲ್ಲ, ತಮ್ಮ ಸಾಧನೆಯನ್ನು ಸಾರಿಕೊಂಡು ತಿರುಗಲಿಲ್ಲ. ಅವರು ನಡೆಸಿದ ಚುನಾವಣೆಯೇ ಅವರ ಜೀವನಚರಿತ್ರೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಬಂಗಾಳಿ ಕುಟುಂಬವೊಂದರಲ್ಲಿ ಜನಿಸಿದ ಸೇನ್, ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಲಂಡನ್ ವಿಶ್ವವಿದ್ಯಾಲಯದಲ್ಲಿಯೂ ವ್ಯಾಸಂಗ ಮಾಡಿದರು. ಲಂಡನ್ನಿನಲ್ಲಿ ಗಣಿತಶಾಸ್ತ್ರದಲ್ಲಿ ಸುವರ್ಣ ಪದಕ ಪಡೆದರು. 1920ರ ದಶಕದ ಆರಂಭದಲ್ಲಿ ಐ.ಸಿ.ಎಸ್. ಸೇವೆಗೆ ಸೇರಿ ಹಲವು ಜಿಲ್ಲೆಗಳಲ್ಲಿ ದುಡಿದರು, ನ್ಯಾಯಾಧೀಶರಾದರು, ಮುಂದೆ ಪಶ್ಚಿಮ ಬಂಗಾಳದ ಮುಖ್ಯ ಕಾರ್ಯದರ್ಶಿಗಳಾದರು. ಅವರ ಸೋದರ ಅಶೋಕ ಕುಮಾರ ಸೇನ್ ಮುಂದೆ ಕೇಂದ್ರದ ಕಾನೂನು ಮಂತ್ರಿಗಳಾಗಿ ಹೆಸರು ಮಾಡಿದರು. ಗಣಿತಜ್ಞನ ಲೆಕ್ಕಾಚಾರ ಮತ್ತು ನ್ಯಾಯಾಧೀಶನ ನಿಷ್ಪಕ್ಷಪಾತ ದೃಷ್ಟಿ, ಈ ಎರಡೂ ಗುಣಗಳು ಹೊಸ ಹುದ್ದೆಯಲ್ಲಿ ಅವರ ನೆರವಿಗೆ ಬಂದವು.

ಬ್ರಿಟಿಷರ ಕಾಲದಲ್ಲಿ ಮತದಾನದ ಹಕ್ಕು ಆಸ್ತಿ, ತೆರಿಗೆ, ವಿದ್ಯಾರ್ಹತೆ ಮುಂತಾದವುಗಳನ್ನು ಅವಲಂಬಿಸಿತ್ತು. ಜನಸಂಖ್ಯೆಯ ಬಹುಪಾಲು ಮಂದಿ ಮತಗಟ್ಟೆಯ ಹೊರಗೇ ಉಳಿದಿದ್ದರು. ನಮ್ಮ ಸಂವಿಧಾನದ 326ನೆಯ ವಿಧಿ ಈ ಗೋಡೆಯನ್ನು ಒಂದೇ ಏಟಿಗೆ ಕೆಡವಿ, 21 ವರ್ಷ ತುಂಬಿದ ಪ್ರತಿಯೊಬ್ಬ ನಾಗರಿಕನಿಗೂ ಮತದ ಹಕ್ಕು ನೀಡಿತು. (ಈ ವಯೋಮಿತಿ 18ಕ್ಕೆ ಇಳಿದದ್ದು 1989ರಲ್ಲಿ.) ಪರಿಣಾಮವಾಗಿ ಮತದಾರರ ಸಂಖ್ಯೆ 17 ಕೋಟಿಯನ್ನು ದಾಟಿತು. ಅವರಲ್ಲಿ ನೂರಕ್ಕೆ ಸುಮಾರು 85 ಮಂದಿ ಓದು ಬರಹ ಅರಿಯದವರು. ಪ್ರಧಾನಿ ನೆಹರೂ ಅವರು 1951ರ ವಸಂತ ಕಾಲದಲ್ಲಿಯೇ ಚುನಾವಣೆ ನಡೆಯಬೇಕೆಂದು ಆಶಿಸಿದ್ದರು. ಸೇನ್ ತಾಳ್ಮೆಯಿಂದಿರುವಂತೆ ಸರ್ಕಾರವನ್ನು ಕೇಳಿಕೊಂಡರು. ಸಿದ್ಧತೆಯಿಲ್ಲದ ಚುನಾವಣೆ ಜನರ ನಂಬಿಕೆಯನ್ನೇ ಕೆಡಿಸೀತೆಂಬುದು ಅವರಿಗೆ ತಿಳಿದಿತ್ತು.

ಮೊದಲ ಕೆಲಸ ಮತದಾರರ ಪಟ್ಟಿ. ಮನೆಮನೆಗೆ ಹೋಗಿ ಹೆಸರು ಬರೆದುಕೊಂಡು, ಕ್ಷೇತ್ರವಾರು ವಿಂಗಡಿಸಿ, ಬೆರಳಚ್ಚು ಮಾಡಿ, ಮುದ್ರಿಸಬೇಕಾಗಿತ್ತು. ಇದಕ್ಕಾಗಿ 16,500 ಗುಮಾಸ್ತರನ್ನು ಆರು ತಿಂಗಳ ಕರಾರಿನ ಮೇಲೆ ನೇಮಿಸಲಾಯಿತು. ಮುದ್ರಣಕ್ಕೆ ಸುಮಾರು 3,80,000 ರೀಮ್ ಕಾಗದ ಬೇಕಾಯಿತು.

ಆಗಲೇ ಎದುರಾಯಿತು ಯಾರೂ ಊಹಿಸದಿದ್ದ ಒಂದು ಸಮಸ್ಯೆ. ಉತ್ತರ ಮತ್ತು ಮಧ್ಯ ಭಾರತದ ಅನೇಕ ಪ್ರದೇಶಗಳಲ್ಲಿ ಹೆಂಗಸರು ಪರಕೀಯರ ಮುಂದೆ ತಮ್ಮ ಹೆಸರು ಹೇಳುವ ವಾಡಿಕೆಯಿರಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಅವರು ಬರೆಸಿದ್ದರು. ಈ ಬಗೆಯ ನಮೂದುಗಳನ್ನು ಸೇನ್ ಒಪ್ಪಲಿಲ್ಲ. ಹೆಸರನ್ನು ಪಡೆದು ಪಟ್ಟಿಯನ್ನು ತಿದ್ದಬೇಕೆಂದು ಆದೇಶಿಸಿದರು, ಬಿಹಾರದಲ್ಲಿ ಒಂದು ತಿಂಗಳ ಹೆಚ್ಚುವರಿ ಅವಧಿಯನ್ನೂ ಕೊಟ್ಟರು. ಆದರೂ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ ಹತ್ತಿರ ಹತ್ತಿರ 28 ಲಕ್ಷ ಮಂದಿಯ ಸ್ವಂತ ಹೆಸರು ದೊರೆಯದೆ, ಆ ನಮೂದುಗಳನ್ನು ಪಟ್ಟಿಯಿಂದ ತೆಗೆದುಹಾಕಬೇಕಾಯಿತು.

ಈ ನಿರ್ಧಾರವನ್ನು ಇಂದಿಗೂ ಸುಲಭವಾಗಿ ಮೆಚ್ಚಿಕೊಳ್ಳಲಾಗದು. ಶತಮಾನಗಳ ಸಂಪ್ರದಾಯದ ದೋಷಕ್ಕೆ ಆ 28 ಲಕ್ಷ ಮಹಿಳೆಯರು ದಂಡ ತೆತ್ತರು. ದೇಶದ ಪ್ರಥಮ ಮಹಾಚುನಾವಣೆಯಲ್ಲಿ ಅವರಿಗೆ ಮತವಿರಲಿಲ್ಲ. ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ಮತವೆಂಬುದು ಮನೆತನಕ್ಕೆ ಸೇರಿದ್ದಲ್ಲ, ಯಜಮಾನನಿಗೆ ಸೇರಿದ್ದಲ್ಲ. ಅದು ವ್ಯಕ್ತಿಯದು. ಗಂಡನ ನೆರಳಿನಲ್ಲಿ ನಮೂದಾದ ಮತ ಗಂಡನ ಮತವೇ ಆಗಿಬಿಡುವ ಅಪಾಯವಿತ್ತು. ಈಗ ಎದ್ದ ಗೊಂದಲದಿಂದಲೇ ಮುಂದಿನ ಚುನಾವಣೆಯ ಹೊತ್ತಿಗೆ ಈ ವಾಡಿಕೆ ಸಡಿಲವಾದೀತೆಂದು ಸೇನ್ ನಂಬಿದ್ದರು. 1957ರ ಪಟ್ಟಿಯಲ್ಲಿ ಮಹಿಳೆಯರ ನೋಂದಣಿ ಗಣನೀಯವಾಗಿ ಸುಧಾರಿಸಿ, ಅವರ ನಂಬಿಕೆ ಬಹುಮಟ್ಟಿಗೆ ನಿಜವಾಯಿತು.

ಓದಲು ಬಾರದವರು ಗುಟ್ಟಾಗಿ, ಯಾರ ನೆರವೂ ಇಲ್ಲದೆ ಮತ ಹಾಕುವುದು ಹೇಗೆ ಎಂಬುದು ಎರಡನೆಯ ಪ್ರಶ್ನೆ. ಪಕ್ಷಗಳಿಗೆ ದಿನನಿತ್ಯದ ಬದುಕಿನಿಂದ ಆಯ್ದ ಚಿಹ್ನೆಗಳನ್ನು ಕೊಡಲಾಯಿತು. ಪ್ರತಿ ಅಭ್ಯರ್ಥಿಗೂ ಪ್ರತ್ಯೇಕ ಮತಪೆಟ್ಟಿಗೆ, ಅದರ ಮೇಲೆ ಅವರ ಚಿಹ್ನೆ. ಮತದಾರ ತನಗೆ ಬೇಕಾದ ಪೆಟ್ಟಿಗೆಯೊಳಗೆ ಮತಪತ್ರವನ್ನು ಹಾಕಿದರೆ ಸಾಕು; ಬರೆಯುವ ಅಗತ್ಯವೇ ಇಲ್ಲ. ಇದಕ್ಕಾಗಿ ಸುಮಾರು 20 ಲಕ್ಷ ಉಕ್ಕಿನ ಪೆಟ್ಟಿಗೆಗಳು ತಯಾರಾದವು, 8,200 ಟನ್ ಉಕ್ಕು ಬಳಕೆಯಾಯಿತು. ಒಬ್ಬರೇ ಎರಡು ಬಾರಿ ಮತ ಹಾಕದಂತೆ ಅಳಿಸಲಾಗದ ಶಾಯಿಯನ್ನು ಭಾರತೀಯ ವಿಜ್ಞಾನಿಗಳು ಸಿದ್ಧಪಡಿಸಿದರು. ಮತದಾರನ ಹಕ್ಕು ಮತ್ತು ಹೊಣೆಗಳನ್ನು ಕುರಿತ ಸಾಕ್ಷ್ಯಚಿತ್ರವು ಮೂರು ಸಾವಿರಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ಪ್ರದರ್ಶನಗೊಂಡಿತು.

ಹಿಮ ಬೀಳುವ ಮೊದಲೇ ಮುಗಿಸಬೇಕೆಂದು, ಹಿಮಾಚಲ ಪ್ರದೇಶದ ಚಿನಿ ತಹಸೀಲಿನಲ್ಲಿ 1951ರ ಅಕ್ಟೋಬರ್ 25ರಂದು ಮೊದಲ ಮತಗಳು ಬಿದ್ದವು. ದೇಶದ ಬಹುಭಾಗದಲ್ಲಿ ಮತದಾನ ನಡೆದದ್ದು 1952ರ ಜನವರಿ ಮತ್ತು ಫೆಬ್ರವರಿಯಲ್ಲಿ. 489 ಸ್ಥಾನಗಳ ಲೋಕಸಭೆಗೂ ರಾಜ್ಯಗಳ ವಿಧಾನಸಭೆಗಳಿಗೂ ಒಟ್ಟಿಗೆ ಚುನಾವಣೆ. ಸುಮಾರು ಶೇಕಡಾ 45ರಷ್ಟು ಮಂದಿ ಮತ ಚಲಾಯಿಸಿದರು. ಬಡವರಿಗೂ ನಿರಕ್ಷರಿಗಳಿಗೂ ಮತ ಕೊಡುವುದು ದುಡುಕೆಂದು ಅನುಮಾನಿಸಿದ್ದವರಿಗೆ ಆ ಸಾಲುಗಳೇ ಉತ್ತರವಾದವು.

ಆ ಚುನಾವಣೆಯಲ್ಲಿ ಕನ್ನಡಿಗರು ಐದು ರಾಜ್ಯಗಳಲ್ಲಿ ಹಂಚಿಹೋಗಿ ಮತ ಹಾಕಿದರೆಂಬುದು ನಾವು ನೆನೆಯಬೇಕಾದ ಸಂಗತಿ. ಧಾರವಾಡ, ಬೆಳಗಾವಿಯವರು ಮುಂಬಯಿ ರಾಜ್ಯದಲ್ಲಿ, ಕಲಬುರ್ಗಿ, ರಾಯಚೂರಿನವರು ಹೈದರಾಬಾದ್ ರಾಜ್ಯದಲ್ಲಿ, ದಕ್ಷಿಣ ಕನ್ನಡ, ಬಳ್ಳಾರಿಯವರು ಮದರಾಸು ರಾಜ್ಯದಲ್ಲಿ, ಉಳಿದವರು ಮೈಸೂರು ಮತ್ತು ಕೊಡಗು ರಾಜ್ಯಗಳಲ್ಲಿ. 1956ರ ನವೆಂಬರ್ 1ರಂದು ನಾಡು ಒಂದಾದ ಮೇಲೆ, 1957ರಲ್ಲಿ ನಡೆದ ಎರಡನೆಯ ಮಹಾಚುನಾವಣೆಯನ್ನು ನಡೆಸಿದವರೂ ಸೇನ್ ಅವರೇ. ಮೊದಲ ಸಲದ ಪೆಟ್ಟಿಗೆಗಳನ್ನು ಜೋಪಾನವಾಗಿ ಕಾಪಾಡಿಸಿದ್ದ ಅವರ ದೂರದೃಷ್ಟಿಯೂ ಸೇರಿ, ಆ ಚುನಾವಣೆಯ ವೆಚ್ಚ ಮೊದಲಿನದಕ್ಕಿಂತ ಸುಮಾರು 4.5 ಕೋಟಿ ರೂಪಾಯಿ ಕಡಿಮೆಯಾಯಿತು.

ಇವೆರಡು ಚುನಾವಣೆಗಳ ನಡುವೆ, 1953ರಲ್ಲಿ, ಸುಡಾನ್ ದೇಶದ ಪ್ರಥಮ ಚುನಾವಣೆಯನ್ನು ನಡೆಸಿದ ಅಂತರರಾಷ್ಟ್ರೀಯ ಆಯೋಗಕ್ಕೂ ಸೇನ್ ಅಧ್ಯಕ್ಷರಾಗಿದ್ದರು. 1958ರ ಡಿಸೆಂಬರಿನಲ್ಲಿ ಆಯುಕ್ತ ಪದವಿಯಿಂದ ನಿವೃತ್ತರಾಗಿ, 1960ರಲ್ಲಿ ಸ್ಥಾಪನೆಗೊಂಡ ಬರ್ದ್ವಾನ್ ವಿಶ್ವವಿದ್ಯಾಲಯದ ಪ್ರಥಮ ಕುಲಪತಿಗಳಾದರು. ಅದೇ ದಶಕದ ಆರಂಭದ ವರ್ಷಗಳಲ್ಲಿ ತೀರಿಕೊಂಡರು.

1962ರ ಚುನಾವಣೆಯಿಂದ ಮೈಸೂರಿನ ಕಾರ್ಖಾನೆಯ ಶಾಯಿಯೇ ದೇಶದ ಮತದಾರರ ಬೆರಳನ್ನು ಗುರುತಿಸುತ್ತಿದೆ. ಹೊರನಾಡ ಕನ್ನಡಿಗರಿಗೆ ಇದು ಹೆಮ್ಮೆಯ ವಿಷಯವೇ. ಆದರೆ ಆ ಶಾಯಿ ಬೆರಳಿಗೆ ತಾಗಬೇಕಾದರೆ ಹೆಸರು ಪಟ್ಟಿಯಲ್ಲಿರಬೇಕು. ನಮ್ಮ ಕುಟುಂಬಗಳಲ್ಲಿ ಹಲವರ ಹೆಸರು ಇನ್ನೂ ಊರಿನ ಪಟ್ಟಿಯಲ್ಲಿಯೇ ಉಳಿದಿರುತ್ತದೆ. ಮನೆ ಬದಲಿಸಿದವರದು ಹಳೆಯ ವಿಳಾಸದಲ್ಲಿರುತ್ತದೆ. 1950ರ ಜನತಾ ಪ್ರಾತಿನಿಧ್ಯ ಕಾಯಿದೆಯ ಪ್ರಕಾರ ಒಬ್ಬರ ಹೆಸರು ಒಂದೇ ಕಡೆ, ಅವರು ಸಾಮಾನ್ಯವಾಗಿ ವಾಸಿಸುವ ಸ್ಥಳದಲ್ಲಿ, ಇರತಕ್ಕದ್ದು. ಊರಿನಲ್ಲಿ ಮನೆಯಿದೆ ಎಂಬ ಮಾತ್ರಕ್ಕೆ ಅಲ್ಲಿಯ ಮತ ನಮ್ಮದಾಗದು. ನಮ್ಮ ನೀರು, ರಸ್ತೆ, ಶಾಲೆಗಳನ್ನು ನಿರ್ಧರಿಸುವ ನಗರದಲ್ಲಿ ನಮಗೆ ಹೆಸರಿಲ್ಲವೆಂದರೆ, ನಾವೂ ಒಂದರ್ಥದಲ್ಲಿ ಹೆಸರು ಹೇಳದೆ ಉಳಿದವರಾಗುತ್ತೇವೆ. ಅಂದು ಆ ಮಹಿಳೆಯರನ್ನು ತಡೆದದ್ದು ಸಂಪ್ರದಾಯ. ಇಂದು ನಮ್ಮನ್ನು ತಡೆಯುವುದು ಕೇವಲ ಉದಾಸೀನ.

ಮುಂದಿನ ಚುನಾವಣೆ ಘೋಷಣೆಯಾಗುವವರೆಗೆ ಕಾಯದೆ, ಮನೆಯ ಹಿರಿಯರಿಂದ ಹಿಡಿದು 18 ತುಂಬಿದ ಮಕ್ಕಳವರೆಗೆ ಎಲ್ಲರ ಹೆಸರೂ ಪಟ್ಟಿಯಲ್ಲಿವೆಯೇ ಎಂದು ನೋಡಿಕೊಳ್ಳೋಣ. ಪ್ರತಿಯೊಬ್ಬರ ಹೆಸರಿಗೂ ಬೆಲೆಯಿದೆಯೆಂದು ನಂಬಿ ದುಡಿದ ಸುಕುಮಾರ ಸೇನ್ ಅವರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.